ಎಡಬಲ ತಪ್ಪಿದ ಬೋರ್ಡು

ಇಸ್ತ್ರಿ ಪೆಟ್ಟಿಗೆ ಹದಕ್ಕೆ ಕಾದಿದೆಯೇ ಎಂದು ನೋಡಲು ಬೇರೆಯವರು ನೀರು ಚಿಮುಕಿಸುತ್ತಾರೆ. ನಾನು ಕೆನ್ನೆಯ ಹತ್ತಿರ ಹಿಡಿಯುತ್ತೇನೆ, ಅಷ್ಟೇ. ಮೂವತ್ತು ವರ್ಷದಿಂದ ಇದೇ ಕೆಲಸ. ನುಣುಪು ಕಾಗದದ ಮೇಲೆ ಪ್ರಿಂಟರಿನ ಕಪ್ಪು ಟೋನರಿನಲ್ಲಿ ನಕ್ಷೆ ಅಚ್ಚಾಗಬೇಕು. ಆ ಕಾಗದವನ್ನು ತಾಮ್ರದ ಹಲಗೆಯ ಮೇಲೆ ಬೋರಲಾಗಿ ಇಟ್ಟು ಇಸ್ತ್ರಿ ಒತ್ತಬೇಕು. ನೀರಲ್ಲಿ ನೆನೆಸಿ, ಕಾಗದವನ್ನು ಹೆಬ್ಬೆರಳಿನಿಂದ ಉಜ್ಜಿ ಉದುರಿಸಬೇಕು. ಆಗ ತಾಮ್ರದ ಮೇಲೆ ಕಪ್ಪು ಗೆರೆಗಳು ಮಾತ್ರ ಅಂಟಿಕೊಂಡಿರುತ್ತವೆ. ಅದನ್ನು ಫೆರಿಕ್ ದ್ರಾವಣದಲ್ಲಿ ಮುಳುಗಿಸಿದರೆ, ಕಪ್ಪು ಮುಚ್ಚಿದ ತಾಮ್ರ ಉಳಿಯುತ್ತದೆ, ಬರಿಮೈಯ ತಾಮ್ರವನ್ನೆಲ್ಲ ಫೆರಿಕ್ ತಿಂದು ಹಾಕುತ್ತದೆ. ಕೆಲಸ ಇಷ್ಟೇ. ನನ್ನ ಬೆರಳ ಸಂದಿಯ ಹಳದಿ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಊರಿನಲ್ಲಿ ನನ್ನನ್ನು ಬೋರ್ಡು ಪುಟ್ಟತಾಯಿ ಎನ್ನುತ್ತಾರೆ. ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮೂರಿನಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ತಲೆಗೊಂದರಂತೆ ಮಿಣುಕು ದೀಪಗಳಿವೆ. ಮಗು ಹುಟ್ಟಿದ ಮೂರನೆಯ ದಿನ ಸೂಲಗಿತ್ತಿ ಅದರ ನಕ್ಷೆಯ ಹಾಳೆ ಕೊಟ್ಟು ಹೋಗುತ್ತಾಳೆ. ಒಬ್ಬರ ನಕ್ಷೆಯ ಹಾಗೆ ಇನ್ನೊಬ್ಬರದಿಲ್ಲ. ಆ ನಕ್ಷೆಯ ಬೋರ್ಡು ದೀಪವನ್ನು ಮಿಣುಕಿಸುತ್ತಿರುವಷ್ಟು ದಿನ ಆ ಮನುಷ್ಯ ಕಣ್ಣಿಗೆ ಕಾಣುತ್ತಾನೆ, ಅವನ ಮಾತು ಕೇಳುತ್ತದೆ. ದೀಪ ಆರಿತೋ, ಕಾಣುವುದಿಲ್ಲ, ಕೇಳುವುದಿಲ್ಲ, ಕೈಗೂ ಸಿಗುವುದಿಲ್ಲ. ಮನೆಯೊಳಗೇ ಓಡಾಡಿಕೊಂಡಿರುತ್ತಾನೆ, ನಮ್ಮ ಪಾಲಿಗಿರುವುದಿಲ್ಲ. ಅವನ ಹೆಸರು ಹೇಳಿ ಇಟ್ಟ ತಟ್ಟೆಯೊಂದನ್ನು ಬಿಟ್ಟು ಬೇರೇನನ್ನೂ ಅವನಿಗೆ ಮುಟ್ಟಲಾಗುವುದಿಲ್ಲ. ಹಾಗಾಗಿ ಮನೆಯವರು ಹೊತ್ತು ಹೊತ್ತಿಗೆ ಹೆಸರು ಕೂಗಿ ತಟ್ಟೆ ಇಡುತ್ತಾರೆ, ತಟ್ಟೆ ಖಾಲಿಯಾದರೆ ಸದ್ಯ ಉಂಡರಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಇದಕ್ಕೆಲ್ಲ ನಾವು ಒಗ್ಗಿಹೋಗಿದ್ದೇವೆ. ಜಗಳವಾಡಿದ ಅತ್ತೆ ಸೊಸೆಯ ಬ್ಯಾಟರಿ ಕಿತ್ತು ಒಂದು ಗಂಟೆ ಆರಿಸಿಟ್ಟದ್ದುಂಟು. ಸಾಲ ಕೇಳುವವರು ಬಂದಾಗ ತಾವೇ ತಂತಿ ಸಡಿಲಿಸಿಕೊಂಡ ಗಂಡಸರೂ ಇದ್ದಾರೆ. ಊರಿನ ಉಪ್ಪು ಗಾಳಿಗೆ ತಾಮ್ರ ಕಿಲುಬು ಹಿಡಿಯುವುದರಿಂದ ಐದಾರು ವರ್ಷಕ್ಕೊಮ್ಮೆ ಹೊಸ ಬೋರ್ಡು ಬೇಕು. ಅದಕ್ಕೇ ನಾನಿರುವುದು.

ಆರಿದ ದೀಪ ನಲವತ್ತು ದಿನದೊಳಗೆ ಹೊತ್ತಿಕೊಳ್ಳಬೇಕು. ಇಲ್ಲವಾದರೆ ದೀಪ ಎಣಿಸುವ ದೊಡ್ಡತಮ್ಮಯ್ಯ ಗಂಟೆ ಬಾರಿಸುತ್ತಾ ಬರುತ್ತಾನೆ. ಸೂಲಗಿತ್ತಿ ಕೊಟ್ಟ ಹಾಳೆಯನ್ನು ಸುಡುತ್ತಾನೆ, ಹಳೆಯ ಬೋರ್ಡನ್ನು ಮನೆಯವರ ಕೈಯಿಂದಲೇ ಮುರಿಸಿ ಬಾವಿಗೆ ಹಾಕಿಸುತ್ತಾನೆ. ಅಲ್ಲಿಗೆ ಆ ಜೀವ ಕರಗಿಹೋಯಿತು ಎಂದು ಲೆಕ್ಕ. ತಟ್ಟೆ ತೊಳೆದು ಅಟ್ಟಕ್ಕಿಟ್ಟು, ಬಂದವರಿಗೆ ಸಿಹಿ ಊಟ ಹಾಕಿ, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹನ್ನೊಂದು ವರ್ಷದ ಹಿಂದೆ ನಮ್ಮವ್ವನ ದೀಪ ಆರಿದಾಗ ಊರಿಗೆ ಫೆರಿಕ್ ಬಂದಿರಲಿಲ್ಲ. ಊರಿಗೆಲ್ಲ ಬೋರ್ಡು ಮಾಡುವವಳ ತಾಯಿಗೇ ಬೋರ್ಡಿಲ್ಲ. ಕಾದೆ, ಕಾದೆ, ನಲವತ್ತು ತುಂಬಿತು. ಅವ್ವನ ಬೋರ್ಡನ್ನು ನಾನೇ ಮಂಡಿಗೆ ಒತ್ತಿ ಮುರಿದೆ. ಮೂರು ದಿನ ಬಿಟ್ಟು ಫೆರಿಕ್ಕಿನ ಡಬ್ಬಗಳು ಬಂದವು.

ಈ ಸಲ ಆರಿದ್ದು ನಮ್ಮ ಯಜಮಾನರ ದೀಪ. ಹಾಸಿಗೆ ಹೊಲಿಯುವ ಚಿಕ್ಕೀರಯ್ಯ ಎಂದರೆ ಊರಿಗೆಲ್ಲ ಗೊತ್ತು; ತಲೆಗೂದಲಲ್ಲಿ ಸದಾ ಹತ್ತಿಯ ಎಳೆ, ಬಾಯಲ್ಲಿ ಸದಾ ಸೂಜಿ. ಮಧ್ಯಾಹ್ನ ಊಟಕ್ಕೆ ಕೂತವರು, "ಪುಟ್ಟಿ, ಉಪ್ಪು" ಎಂದರು. ಉಪ್ಪು ತಂದೆ, ಮಣೆ ಖಾಲಿ. ನನಗೇನೂ ಗಾಬರಿಯಾಗಲಿಲ್ಲ. ಮಾಡುವವಳು ನಾನೇ ಇದ್ದೇನಲ್ಲ, ಸಂಜೆಯೊಳಗೆ ಹೊಸ ಬೋರ್ಡು ಎಂದುಕೊಂಡು ಪೆಟ್ಟಿಗೆ ತೆಗೆದರೆ, ಅವರ ನಕ್ಷೆಯ ಹಾಳೆಯನ್ನು ಕಾಗದ ತಿನ್ನುವ ಬೆಳ್ಳಿಹುಳ ಜರಡಿ ಮಾಡಿಟ್ಟಿತ್ತು. ಬಾಗಿಲ ಮೇಲಿನ ಬೋರ್ಡಿನಲ್ಲಿ ಕಿಲುಬು ತಿಂದು ಅರ್ಧ ಗೆರೆಯೂ ಉಳಿದಿರಲಿಲ್ಲ. ಕಳೆದುಹೋದ ಗೆರೆಗಳನ್ನು ನಾನೇ ಊಹಿಸಿ ಬರೆದೆ. ಐದು ಬೋರ್ಡು ಮಾಡಿದೆ, ಐದೂ ಹೊತ್ತಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನ ನಕ್ಷೆ ನನಗೆ ಬಾಯಿಪಾಠವಿರಲಿಲ್ಲ. ಆ ನಾಚಿಕೆ ಒಂದು ಕಡೆ, ದಿನ ಉರುಳುತ್ತಿರುವ ಭಯ ಇನ್ನೊಂದು ಕಡೆ. ಒಂದೇ ಸಮಾಧಾನವೆಂದರೆ ತಟ್ಟೆ. "ಏನ್ರೀ, ಊಟಕ್ಕೆ ಬನ್ನಿ" ಎಂದು ಕೂಗಿ ಒಲೆಯ ಪಕ್ಕ ಇಟ್ಟು ಬೆನ್ನು ತಿರುಗಿಸಿದರೆ ಸಾಕು, ಅನ್ನದ ಅಗುಳೂ ಉಳಿಯದಂತೆ ಖಾಲಿಯಾಗುತ್ತಿತ್ತು. ಮನುಷ್ಯ ಹೊಟ್ಟೆ ತುಂಬ ಉಣ್ಣುತ್ತಿದ್ದಾರಲ್ಲ ಎಂದು ನಾನು ದಿನದಿನಕ್ಕೂ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದೆ.

ನಲವತ್ತನೆಯ ದಿನ ಬೆಳಿಗ್ಗೆ ಮನೆ ಗುಡಿಸಲೆಂದು ಮಂಚ ಎಳೆದೆ. ಮಂಚದ ಮೋಟುಕಾಲಿನ ಕೆಳಗಿನಿಂದ ಒಂದು ಬೋರ್ಡು ಜಾರಿ ಬಂತು. ನಮ್ಮ ಮದುವೆಯ ವರ್ಷ ನಾನು ಅವರಿಗೆ ಮಾಡಿಕೊಟ್ಟದ್ದು. ಬದಲಿಸಿದಾಗ ಬಾವಿಗೆ ಹಾಕಿ ಎಂದು ಕೊಟ್ಟರೆ, ಈ ಜುಗ್ಗ ಮನುಷ್ಯ ಮಂಚದ ಕಾಲಿಗೆ ಒತ್ತು ಕೊಟ್ಟಿದ್ದರು! ನಾನು ನೆಲದ ಮೇಲೆ ಕೂತು ನಕ್ಕೆ, ಹಾಗೇ ಅತ್ತುಬಿಟ್ಟೆ. ತಾಮ್ರ ಅಲ್ಲಲ್ಲಿ ಸೀಳಿತ್ತು, ಕೆಲಸಕ್ಕೆ ಬರುವಂತಿರಲಿಲ್ಲ. ಆದರೆ ಗೆರೆಗಳೆಲ್ಲ ಕಣ್ಣಿಗೆ ಕಾಣುವಂತಿದ್ದವು. ಅದನ್ನೇ ಜೆರಾಕ್ಸ್ ಗಾಜಿನ ಮೇಲಿಟ್ಟು ನಕಲು ತೆಗೆದೆ, ಸೀಳಿದ ಕಡೆ ಕಪ್ಪು ತುಂಬಿದೆ, ಪ್ರಿಂಟರಿಗೆ ಹಾಕಿದೆ. ಅದೆಷ್ಟು ಅವಸರದಲ್ಲಿದ್ದೆನೆಂದರೆ, ಫೆರಿಕ್ ತಟ್ಟೆಯನ್ನು ಆ ಕಡೆ ಈ ಕಡೆ ತೂಗುವಾಗ ಸೆರಗು ಅದ್ದಿ ಹೋದದ್ದೂ ಗೊತ್ತಾಗಲಿಲ್ಲ. ತೊಳೆದೆ, ಥಿನ್ನರಿನಲ್ಲಿ ಟೋನರ್ ಒರೆಸಿದೆ, ತೂತು ಕೊರೆದೆ, ಬಿಡಿಭಾಗ ಕೂರಿಸಿ ಬೆಸುಗೆ ಹಾಕಿದೆ. ಸ್ಟೂಲು ಹತ್ತಿ ಬಾಗಿಲ ಮೇಲಿನ ಗೂಡಿನಲ್ಲಿಟ್ಟು ತಂತಿ ಸಿಕ್ಕಿಸಿದೆ. ದೀಪ ಮಿಣುಕಿತು. "ಏನ್ರೀ!" ಎಂದು ಅಂಗಳದ ಕಡೆ ತಿರುಗಿದೆ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಮೂಳೆಯ ಮೇಲೆ ತೊಗಲು, ಜಡೆಗಟ್ಟಿದ ಕೂದಲು, ಬಣ್ಣ ಯಾವುದೆಂದು ಹೇಳಲಾಗದ ಸೀರೆ. ನಾನು ಅವಳನ್ನು ನೋಡುತ್ತಿದ್ದೇನೆ ಎಂಬುದನ್ನು ನಂಬಲಾಗದೆ ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಇದ್ದಾರೇನೋ ಎಂದು.

"ನಾನ್ ಕಾಣ್ತಿದೀನಾ ತಾಯಿ?" ಎಂದಳು. ದನಿ ಕೀಲಿಗೆ ಎಣ್ಣೆ ಇಲ್ಲದ ಬಾಗಿಲಿನ ಹಾಗಿತ್ತು.

"ಯಾರಮ್ಮ ನೀನು? ನಮ್ಮನೆಯವ್ರೆಲ್ಲಿ?"

"ದ್ಯಾವಮ್ಮ. ಗಾಣದ ಬೀದಿ ದ್ಯಾವಮ್ಮ ಕಣವ್ವ. ಇಪ್ಪತ್ನಾಕು ವರ್ಸ ಆಯ್ತು ನಾನು ಆರಿ."

ದ್ಯಾವಮ್ಮನ ನಲವತ್ತರ ಊಟಕ್ಕೆ ನಾನು ಹೋಗಿದ್ದೆ. ಹೋಳಿಗೆ ಮಾಡಿದ್ದರು, ಎರಡು ಹಾಕಿಸಿಕೊಂಡಿದ್ದೆ.

ತಪ್ಪು ಏನಾಯಿತೆಂದು ಬೋರ್ಡನ್ನು ಇನ್ನೊಮ್ಮೆ ನೋಡಿದ ತಕ್ಷಣ ತಿಳಿಯಿತು. ಕಾಗದದಿಂದ ತಾಮ್ರಕ್ಕೆ ಇಳಿಯುವಾಗ ಚಿತ್ರದ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಸೂಲಗಿತ್ತಿ ಕೊಡುವ ಹಾಳೆಯಲ್ಲಿ ನಕ್ಷೆ ಮೊದಲೇ ತಿರುಗುಮುರುಗಾಗಿರುವುದರಿಂದ ಅದನ್ನು ಇದ್ದ ಹಾಗೇ ಅಚ್ಚು ಹಾಕಿದರೆ ಸರಿಹೋಗುತ್ತದೆ. ಮೂವತ್ತು ವರ್ಷ ನಾನು ಮಾಡಿದ್ದು ಅದನ್ನೇ. ಆದರೆ ಈ ಸಲ ನಕಲು ತೆಗೆದದ್ದು ತಾಮ್ರದ ಮೇಲಿನಿಂದಲೇ. ಅದನ್ನು ತಿರುಗಿಸಿ ಅಚ್ಚು ಹಾಕಬೇಕಿತ್ತು. ಕೈ ತನ್ನ ಅಭ್ಯಾಸದಂತೆ ನಡೆದುಬಿಟ್ಟಿತು. ಬಿಡಿಭಾಗ ಕೂರಿಸುವಾಗಲಾದರೂ ಗೊತ್ತಾಗಬೇಕಿತ್ತು. ಎರಡು ಟ್ರಾನ್ಸಿಸ್ಟರ್, ಎರಡು ಕೆಪಾಸಿಟರ್, ಎಡಕ್ಕೊಂದು ಬಲಕ್ಕೊಂದು. ತಿರುಗಿಸಿ ಇಟ್ಟರೂ ಕೂತುಬಿಡುತ್ತವೆ. ಎಡಬಲ ತಪ್ಪಿದ ಬೋರ್ಡನ್ನು ದೀಪಕ್ಕೆ ಸಿಕ್ಕಿಸದೆ, ಅಲ್ಲೇ ಮುರಿದು ಹಾಕಬೇಕು ಎಂದು ಕಸುಬು ಕಲಿಸಿದವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಏಕೆ ಎಂದು ಆಗ ಕೇಳಿರಲಿಲ್ಲ.

"ನಲವತ್ತಾದ್ಮೇಲೆ ಕರಗಿಹೋಗ್ತಾರೆ ಅಂತಾರಲ್ಲ" ಎಂದೆ.

"ಎಲ್ ಕರಗ್ತಾರೆ? ಎಲ್ರೂ ಇಲ್ಲೇ ಅವ್ರೆ. ಸಾಯಾಕೂ ಆಗಲ್ಲ. ತಟ್ಟೆ ಇಡೋದ್ ನಿಲ್ಲಿಸ್ತೀರಲ್ಲ, ಹಸಕೊಂಡು ಓಡಾಡ್ತೀವಿ. ಯಾರ್ದಾರ ಮನೇಲಿ ಒಗ್ಗರಣೆ ಹಾಕಿದ್ರೆ ಅಲ್ ಹೋಗಿ ನಿಂತ್ಕತೀವಿ." ದ್ಯಾವಮ್ಮ ಜಗಲಿಯ ಕಡೆ ನೋಡಿದಳು. "ನಿನ್ ಗಂಡ ಅಲ್ಲೇ ಕುಂತಿದ್ರು. ಈಗ ನನ್ ದೀಪ ಹತ್ತೈತಲ್ಲ, ನಂಗೂ ಕಾಣಲ್ಲ. ಒಳಗೆ ಒಲೆತಾವ ಇನ್ನೊಬ್ರು..."

"ನೀರು ಕಾಯ್ತಾ ಅದೆ. ಆಮೇಲೆ ಸ್ನಾನ ಮಾಡುವಂತೆ" ಎಂದುಬಿಟ್ಟೆ. ಒಲೆಯ ಹತ್ತಿರ ಯಾರು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದೇ ಹೇಳಬೇಕು.

ಅವಳನ್ನು ಜಗಲಿಯ ಮೇಲೆ ಕೂರಿಸಿ ನಾನು ಎರಡನೆಯ ಬೋರ್ಡು ಮಾಡಿದೆ, ಈ ಸಲ ಸರಿಯಾಗಿ ತಿರುಗಿಸಿ. ಬೆಸುಗೆ ಆರುವುದನ್ನೂ ಕಾಯದೆ ಮೊದಲನೆಯದರ ಪಕ್ಕದಲ್ಲಿ ಸಿಕ್ಕಿಸಿದೆ. ಎರಡೂ ದೀಪ ಒಟ್ಟಿಗೆ ಆರಿದವು. ದ್ಯಾವಮ್ಮ ಇಲ್ಲ, ನಮ್ಮನೆಯವರೂ ಇಲ್ಲ. ಒಂದನ್ನು ಕಿತ್ತರೆ ಇನ್ನೊಂದು ಮಿಣುಕುತ್ತದೆ. ಬ್ಯಾಟರಿ ಬದಲಿಸಿದೆ. ಒಂದನ್ನು ಹಿತ್ತಿಲ ಬಾಗಿಲಿಗೆ ಒಯ್ದೆ, ಊರ ಹೊರಗಿನ ಉಪ್ಪಿನ ಬಯಲಿನವರೆಗೂ ಓಡಿದೆ. ಎಷ್ಟು ದೂರವಿಟ್ಟರೂ ಅಷ್ಟೇ. ದ್ಯಾವಮ್ಮನ ಸ್ವಂತ ನಕ್ಷೆ ಅವಳ ನಲವತ್ತರಂದೇ ಸುಟ್ಟುಹೋಗಿತ್ತು, ಈಗ ಅವಳು ಬಂದದ್ದು ನನ್ನ ಗಂಡನ ನಕ್ಷೆಯ ಬೆನ್ನು ಹಿಡಿದು. ಒಂದು ನಕ್ಷೆಗೆ ಒಂದೇ ದೀಪ, ಅದನ್ನು ನೇರವಾಗಿ ನೋಡಿದರೆ ನನ್ನ ಗಂಡ, ತಿರುಗಿಸಿ ನೋಡಿದರೆ ದ್ಯಾವಮ್ಮ.

ಕೊನೆಗೆ ದ್ಯಾವಮ್ಮನ ಬೋರ್ಡನ್ನೇ ಸಿಕ್ಕಿಸಿದೆ. ಕಾಣಿಸಿಕೊಂಡವಳೇ ಅವಳು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡಳು. "ಹಂಗ್ ಮಾಡ್ಬೇಡ ಕಣವ್ವ" ಎಂದಳು. "ನಂಗೊತ್ತು, ನಿಂಗೆ ನಿನ್ ಗಂಡ ಬೇಕು. ಒಂದೇ ಒಂದ್ ದಿನ ಬುಡು. ಒಂದ್ ಮುದ್ದೆ ಉಂಡು, ನಮ್ಮಕ್ಕ ಇನ್ನೂ ಬದುಕವಳೆ, ಬಾಗಿಲಲ್ಲಿ ನಿಂತು ಒಂದ್ಸಲ ಕೂಗಿ ಬತ್ತೀನಿ. ಅವಳು ನನ್ ಹೆಸರಿಡಿದು ಕರೀಲಿ. ಆಮೇಲೆ ನಿನ್ ಕೈಯಾರೆ ಆರಿಸು."

ದೊಡ್ಡತಮ್ಮಯ್ಯ ಬರುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ. ನಾನು ಅವಳ ಕೈ ಹಿಡಿದು, "ಸಂಜೆವರೆಗೂ ಮುಟ್ಟಲ್ಲ. ನಮ್ಮವ್ವನಾಣೆ" ಎಂದೆ. ಹಾಗೆಂದದ್ದು ನಿಜವಾದ ಮನಸ್ಸಿನಿಂದಲೇ.

ಅವಳು ಸ್ನಾನಕ್ಕೆ ಎರಡು ಹಂಡೆ ನೀರು ತೆಗೆದುಕೊಂಡಳು. ನಾನು ಹರಿವೆ ಸೊಪ್ಪಿನ ಸಾರು ಮಾಡಿದೆ. ರಾಗಿ ಹಿಟ್ಟು ಕುದಿಯುವ ಸದ್ದಿಗೇ ಅವಳು ಒದ್ದೆ ತಲೆಯಲ್ಲಿ ಬಂದು ಕೂತಳು. ನನ್ನ ಹಸಿರು ಸೀರೆ ಅವಳ ಮೈಮೇಲೆ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಮುದ್ದೆ ಕಟ್ಟುವಾಗ ನನ್ನ ಕೈಯನ್ನೇ ನೋಡುತ್ತಾ, "ಸ್ವಲ್ಪ ದೊಡ್ಡದಾಗೇ ಕಟ್ಟು" ಎಂದು ನಾಚಿಕೊಂಡು ನಕ್ಕಳು. ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ತುಪ್ಪ ತರಲು ಎದ್ದೆ. ಆಗ ಬೀದಿಯ ತುದಿಯಲ್ಲಿ ಗಂಟೆ ಕೇಳಿಸಿತು.

ಆ ದಿನ ಊರಿನಲ್ಲಿ ಮೂರು ಮನೆಯಲ್ಲಿ ನಲವತ್ತು ಇತ್ತಂತೆ. ಅದಕ್ಕೇ ದೊಡ್ಡತಮ್ಮಯ್ಯ ಬೇಗ ಹೊರಟಿದ್ದ. ಇದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಒಂದೇ: ಅವನು ಬಂದು, ಚಿಕ್ಕೀರಯ್ಯನನ್ನು ಕರೆ ಎನ್ನುತ್ತಾನೆ, ನನ್ನ ಹತ್ತಿರ ಗಂಡನಿಲ್ಲ. ಎಡಬಲ ತಪ್ಪಿದ ಬೋರ್ಡು ಕಂಡರೆ ಎರಡನ್ನೂ ಕಿತ್ತುಕೊಂಡು ಹೋಗುತ್ತಾನೆ. ಈಗ ಯೋಚಿಸಿದರೆ ಹತ್ತು ದಾರಿ ಹೊಳೆಯುತ್ತವೆ. ಮಂಚದ ಕೆಳಗಿನ ಬೋರ್ಡನ್ನು ಅವನಿಗೆ ತೋರಿಸದೆ ಬಚ್ಚಿಟ್ಟು, ಅವನ ಶಾಸ್ತ್ರವನ್ನು ಅವನು ಮುಗಿಸಿ ಹೋಗಲಿ ಎಂದು ಸುಮ್ಮನಿರಬಹುದಿತ್ತು. ನಲವತ್ತು ಎಂಬುದೇ ಸುಳ್ಳು ಎನ್ನಲು ದ್ಯಾವಮ್ಮ ನನ್ನ ಕಣ್ಣೆದುರೇ ಕೂತಿದ್ದಳಲ್ಲ! ಆ ಘಳಿಗೆಯಲ್ಲಿ ಒಂದು ದಾರಿಯೂ ಕಾಣಲಿಲ್ಲ. ತುಪ್ಪದ ಗಿಂಡಿಯನ್ನು ನೆಲದ ಮೇಲಿಟ್ಟು ಬಾಗಿಲಿಗೆ ಓಡಿದೆ. ಹಿಂದಿನಿಂದ ದ್ಯಾವಮ್ಮ, "ಎಲ್ಗವ್ವಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಇನ್ನೂ ಅನುಮಾನವಿರಲಿಲ್ಲ. ನಾನು ಸ್ಟೂಲು ಹತ್ತಿ ಅವಳ ಬೋರ್ಡು ಕಿತ್ತೆ, ಮಂಡಿಗೆ ಒತ್ತಿ ಮುರಿದೆ, ಎರಡು ಚೂರನ್ನೂ ಫೆರಿಕ್ ಬಕೆಟ್ಟಿಗೆ ಎಸೆದೆ, ಇನ್ನೊಂದನ್ನು ಸಿಕ್ಕಿಸಿದೆ.

ಜಗಲಿಯ ಮೇಲೆ ನಮ್ಮ ಯಜಮಾನರು ಕಾಣಿಸಿದರು. ಕೂತಿರಲಿಲ್ಲ, ಎರಡೂ ಕೈ ನನ್ನ ಕಡೆ ಚಾಚಿ, ಬೇಡ ಬೇಡ ಎಂದು ಕೂಗುತ್ತಾ ನಿಂತಿದ್ದರು. ಕೂಗಿನ ಕೊನೆಯ ಅರ್ಧವಷ್ಟೇ ನನಗೆ ಕೇಳಿಸಿತು. ದೊಡ್ಡತಮ್ಮಯ್ಯ ಅಷ್ಟರಲ್ಲಿ ಅಂಗಳದಲ್ಲಿದ್ದ. ಅವನು ದೀಪ ನೋಡಿದ, ಇವರನ್ನು ನೋಡಿದ, ಗಂಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ಬದುಕ್ಕಂಡ್ಯಲ್ಲೋ ಚಿಕ್ಕೀರಯ್ಯ, ಕೊನೇ ಘಳಿಗೇಲಿ! ಏನಯ್ಯ ಇದು, ಹಂಚಿಕಡ್ಡಿ ಆಗೋಗಿದೀಯ. ನಿನ್ ಹೆಂಡ್ರು ಊಟ ಇಡ್ಲಿಲ್ವಾ?" ಎಂದು ನಗಾಡುತ್ತಾ ಮುಂದಿನ ಮನೆಗೆ ಹೋದ.

ಅವನು ಹೇಳಿದ್ದು ನಿಜವಾಗಿತ್ತು. ಕೆನ್ನೆ ಗುಳಿಬಿದ್ದು, ಕುತ್ತಿಗೆಯ ನರ ಎದ್ದು, ಅಂಗಿ ಹೆಗಲಿನಿಂದ ಜಾರುತ್ತಿತ್ತು. ನಾನು ಅವರನ್ನು ತಬ್ಬಿಕೊಂಡು ಅತ್ತೆ. ಅವರು ನನ್ನನ್ನು ತಬ್ಬಿಕೊಳ್ಳಲಿಲ್ಲ, ತಳ್ಳಲೂ ಇಲ್ಲ. ನೆಟ್ಟಗೆ ಅಡುಗೆಮನೆಗೆ ನಡೆದು ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮುದ್ದೆಯ ಒಂದು ಬದಿಯಲ್ಲಿ ಹೆಬ್ಬೆರಳಿನ ಗುರುತಿತ್ತು. ಮುರಿಯಲು ಒತ್ತಿದ್ದಳು, ಮುರಿದಿರಲಿಲ್ಲ. ಇನ್ನೂ ಹಬೆಯಾಡುತ್ತಿತ್ತು.

"ಒಂದ್ ತುತ್ತೂ ಬಾಯಿಗಿಟ್ಟಿರ್ಲಿಲ್ಲ ಕಣೇ" ಎಂದರು.

"ನಿಮ್ಗೋಸ್ಕರ ತಾನೆ ಮಾಡಿದ್ದು" ಎಂದೆ. "ದಿನಾ ಅಷ್ಟಷ್ಟು ಇಡ್ತಿದ್ದೆ, ಒಂದಗುಳು ಉಳೀತಿರ್ಲಿಲ್ಲ. ಯಾಕ್ ಹಿಂಗಾದ್ರಿ?"

ಅವರು ಒಲೆಯ ಎಡಕ್ಕೆ, ಸೌದೆ ಒಟ್ಟುವ ಮೂಲೆಯ ಕಡೆ ಕೈ ತೋರಿಸಿದರು. "ನಿಮ್ಮವ್ವ ಅಲ್ಲೇ ಕೂರ್ತಿದ್ರು. ಹನ್ನೊಂದ್ ವರ್ಷದಿಂದ ಅಲ್ಲೇ ಕೂತಿದಾರೆ. ನೀನ್ ಅಡಿಗೆ ಮಾಡೋದ್ ನೋಡ್ಕೊಂಡು. ತಟ್ಟೆ ನನ್ ಹೆಸರಲ್ಲಿತ್ತಲ್ಲ, ಅವ್ರಿಗೆ ಮುಟ್ಟೋಕಾಗಲ್ಲ. ನಾನೇ ತುತ್ತು ಮಾಡಿ ಬಾಯಿಗಿಡ್ತಿದ್ದೆ. ಅತ್ತೆಯವ್ರು ಬೇಡ ಅಂತಾನೇ ಇದ್ರು, ತಿಂತಾನೂ ಇದ್ರು. ಹನ್ನೊಂದ್ ವರ್ಷದ ಹಸಿವು ಕಣೇ. ನಾನ್ ಹೆಂಗ್ ಉಣ್ಲಿ?"

ಆ ಮೂಲೆಯಲ್ಲಿ ಸೌದೆ ಬಿಟ್ಟು ಬೇರೇನೂ ಇರಲಿಲ್ಲ. ನಾನು ಸೌದೆಗೆ ಕೈಮುಗಿದು ಕೂತೆ. ಆಮೇಲೆ ಅಟ್ಟ ಹತ್ತಿ ಅವ್ವನ ತಟ್ಟೆ ಇಳಿಸಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ, ಬಿಸಿ ಮುದ್ದೆ ಕಟ್ಟಿ, ತುಪ್ಪ ಹಾಕಿ, "ಅವ್ವಾ, ಉಣ್ಣು ಬಾ" ಎಂದು ಕೂಗಿ ಮೂಲೆಯಲ್ಲಿಟ್ಟು ಬೆನ್ನು ತಿರುಗಿಸಿದೆ. ನೂರು ಎಣಿಸಿದೆ. ತಿರುಗಿ ನೋಡಿದರೆ ಮುದ್ದೆ ಹಾಗೇ ಇತ್ತು. ಸಂಜೆಗೂ ಹಾಗೇ ಇತ್ತು, ಮಾರನೆಯ ದಿನ ಬೇರೆ ಇಟ್ಟೆ, ಅದೂ ಹಾಗೇ.

"ಎದ್ದು ಹೋಗಿರ್ಬೇಕು" ಎಂದರು ಇವರು. "ಆ ದ್ಯಾವಮ್ಮನ ಜೊತೆ. ನೀನ್ ಬೋರ್ಡು ಮುರಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ರು. ನೋಡಿದ್ರು." ನಾನು ಅವ್ವನ ಮೇಲೆ ಆಣೆ ಇಟ್ಟದ್ದನ್ನೂ ಅವ್ವ ಕೇಳಿಸಿಕೊಂಡಿದ್ದಳು. ಅದನ್ನು ಇವರು ಬಾಯಿಬಿಟ್ಟು ಹೇಳಲಿಲ್ಲ.

ಮೂರನೆಯ ದಿನ ಇವರೇ ಮಾತು ತೆಗೆದರು. "ಆ ಬೋರ್ಡು ಇನ್ನೊಂದ್ ಮಾಡು ಪುಟ್ಟಿ. ಒಂದ್ ದಿನ ಅವಳು ಬರ್ಲಿ. ಉಂಡು, ಅವಳಕ್ಕನ್ನ ನೋಡ್ಕೊಂಡ್ ಬರ್ಲಿ. ಅಷ್ಟರಲ್ಲಿ ನಾನ್ ಆ ಕಡೆಯಿಂದ ಅತ್ತೇನ ಹುಡುಕಿ, ಸಮಾಧಾನ ಮಾಡಿ ಕರ್ಕೊಂಡ್ ಬರ್ತೀನಿ. ಮಾರನೇ ದಿನ ನೀನ್ ನನ್ನ ಹೊತ್ತಿಸು." ನನಗೂ ಅದೇ ಸರಿ ಎನಿಸಿತು. ಜೆರಾಕ್ಸಿನ ನಕಲು ಇತ್ತು, ಪ್ರಿಂಟರ್ ಇತ್ತು, ಫೆರಿಕ್ ಇತ್ತು. ಕಾಗದಕ್ಕೆ ಅಚ್ಚು ಹಾಕಿದೆ, ಇಸ್ತ್ರಿ ಒತ್ತಿದೆ, ತಾಮ್ರದ ಮೇಲೆ ಗೆರೆಗಳು ಒಂದೂ ತಪ್ಪದೆ ಕೂತವು. ಫೆರಿಕ್ ತಟ್ಟೆಯಲ್ಲಿ ಮುಳುಗಿಸಿ ತೂಗುತ್ತಾ ಕೂತೆ. ಇಪ್ಪತ್ತು ನಿಮಿಷಕ್ಕೆ ತೆಗೆಯಬೇಕು. ತೆಗೆಯದೆ ಬಿಟ್ಟರೆ ಫೆರಿಕ್ ಪಕ್ಕದಿಂದ ನುಗ್ಗಿ, ಟೋನರಿನ ಕೆಳಗಿನ ತಾಮ್ರವನ್ನೂ ತಿನ್ನುತ್ತದೆ. ಇಪ್ಪತ್ತು ನಿಮಿಷವಾಯಿತು. ಇವರು ಜಗಲಿಯಲ್ಲಿ ಹಾಸಿಗೆಗೆ ಸೂಜಿ ಹಾಕುತ್ತಾ, ಗಂಟಲಲ್ಲೇ ಏನೋ ಗುನುಗುತ್ತಿದ್ದರು. ಆ ಗುನುಗು ಇಲ್ಲದ ನಲವತ್ತು ದಿನ ನೆನಪಾದವು. ಒಮ್ಮೆ ಆರಿಸಿ ಮತ್ತೆ ಹೊತ್ತದಿದ್ದರೆ? ಅವಳು ಬಂದವಳು ನನ್ನಂತೆಯೇ ಮಾತಿಗೆ ತಪ್ಪಿದರೆ? ಕೈ ಮೇಲೇಳಲಿಲ್ಲ. ಒಂದು ಗಂಟೆ ಬಿಟ್ಟು ನೋಡಿದರೆ ಹಲಗೆಯ ಮೇಲೆ ಗೆರೆಗಳೇ ಇರಲಿಲ್ಲ.

"ಫೆರಿಕ್ ಹೊಸದು ಕಣ್ರೀ, ಜೋರಾಗಿ ತಿಂದುಬಿಡ್ತು" ಎಂದೆ. ಅವರು ಖಾಲಿ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೇ ಕೊಟ್ಟರು. ಅದಾದ ಮೇಲೂ ನಾನು ಆ ಬೋರ್ಡು ಮಾಡುತ್ತಲೇ ಇದ್ದೇನೆ. ಪ್ರತಿ ಸಲ ಗೆರೆಗಳು ಚೆನ್ನಾಗಿ ಕೂರುತ್ತವೆ, ಪ್ರತಿ ಸಲ ಫೆರಿಕ್ಕಿನಲ್ಲಿ ಮರೆತು ಬಿಡುತ್ತೇನೆ. ಅವರು ಈಗ ಕೇಳುವುದನ್ನು ಬಿಟ್ಟಿದ್ದಾರೆ. ಸೂಜಿ ಹಾಕುವಾಗ ಗುನುಗುವುದನ್ನೂ ಬಿಟ್ಟಿದ್ದಾರೆ.

ದಿನಾ ಎರಡು ತಟ್ಟೆ ಇಡುತ್ತೇನೆ, ಒಂದು ಅವ್ವನ ಹೆಸರಿಗೆ, ಒಂದು ದ್ಯಾವಮ್ಮನ ಹೆಸರಿಗೆ. ಹೆಸರು ಕೂಗಿ, ಬೆನ್ನು ತಿರುಗಿಸಿ, ನೂರು ಎಣಿಸುತ್ತೇನೆ. ಸಂಜೆ ಎರಡೂ ತಟ್ಟೆಯ ಅನ್ನವನ್ನು ಹಿತ್ತಿಲಿಗೆ ಸುರಿದು, ತೊಳೆದು ಬೋರಲು ಹಾಕುತ್ತೇನೆ.